ಎರೆಯ ಹೆರಿಂಗಿಗೂ ಒಂದು ರಾತ್ರಿ ಉಪ್ಪುನೀರು ಬೇಕು

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಅಮೆರಿಕದ ವಾಯವ್ಯ ಕರಾವಳಿಯ ಸಾಲ್ಮನ್ ಮೀನುಗಾರಿಕೆ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಪ್ರವಾಸ ಲೇಖನ ಓದಿದೆ. ಬೆಳಗಿನ ಮಂಜು, ದೋಣಿ, ದೂರದ ರೇನಿಯರ್ ಪರ್ವತ, ಎಲ್ಲವನ್ನೂ ಚೆನ್ನಾಗಿ ಬರೆದಿದ್ದಾರೆ. ಆದರೆ ಒಂದು ಸಾಲು ಓದಿ ಸುಮ್ಮನಿರಲು ಆಗಲಿಲ್ಲ. ಗಾಳಕ್ಕೆ ಎರೆಯಾಗಿ ಸಿಕ್ಕಿಸುವ ಹೆರಿಂಗ್ ಅಗ್ಗದ ಸತ್ತ ಮೀನು, ಪೊಟ್ಟಣ ಒಡೆದು ಕರಗಲು ಬಿಟ್ಟು ಕೊಕ್ಕೆಗೆ ಹಾಕಿದರೆ ಆಯಿತು ಎಂಬ ಅರ್ಥದ ಸಾಲು ಅದು. ಈ ಅಮೆರಿಕದ ಕರಾವಳಿಗೆ ಓದಲು, ಕೆಲಸಕ್ಕೆ ಬಂದ ನಮ್ಮ ಕಡೆಯ ಎಷ್ಟೋ ಜನ ಈಗ ಗಾಳ ಹಿಡಿಯುತ್ತಾರೆ. ಅವರು ನಿಮ್ಮ ಪತ್ರಿಕೆಯನ್ನೂ ಓದುತ್ತಾರೆ. ಆ ಸಾಲನ್ನು ನಂಬಿದರೆ ಅವರಿಗೆ ಸಾಲ್ಮನ್ ಸಿಗುವುದಿಲ್ಲ, ಹೆರಿಂಗೂ ದಂಡ.

ನಾನಿರುವುದು ವಾಷಿಂಗ್ಟನ್ ರಾಜ್ಯದ ಟಕೋಮಾದಲ್ಲಿ, ಪ್ಯೂಜೆಟ್ ಸೌಂಡ್ ಎಂಬ ಸಮುದ್ರದ ಚಾಚಿನ ದಡದಲ್ಲಿ. ಕುಡಿಯುವ ನೀರಿನ ಪರೀಕ್ಷೆ ನನ್ನ ಕೆಲಸ. ಬೇಸಿಗೆಯಲ್ಲಿ ರಜೆ ಸಿಕ್ಕಾಗಲೆಲ್ಲ ಪಾಯಿಂಟ್ ಡಿಫೈಯನ್ಸ್ ಬಳಿಯ ಮಣ್ಣಿನ ದಿಬ್ಬಗಳ ಕೆಳಗೆ ಪುಟ್ಟ ದೋಣಿಯಲ್ಲಿ ಚಿನೂಕ್ ಸಾಲ್ಮನ್‌ಗೆ ಗಾಳ ಹಾಕುತ್ತೇನೆ. ಕಲಿಸಿದವರು ಪಕ್ಕದ ಮನೆಯ ಅಜ್ಜ. ಹಿಂದಿನ ರಾತ್ರಿ ಎರೆಗೆ ಉಪ್ಪು ಹಾಕದವರನ್ನು ಅವರು ದೋಣಿ ಹತ್ತಲು ಬಿಡುತ್ತಿರಲಿಲ್ಲ.

ಹೆರಿಂಗ್ ನಮ್ಮ ಕರಾವಳಿಯ ಬೂತಾಯಿಗೆ ದೂರದ ನೆಂಟ. ಬೆಳ್ಳಿ ಮೈ, ನೀಲಿ ಹಸಿರು ಬೆನ್ನು, ಮುಟ್ಟಿದರೆ ಉದುರುವ ಹುರುಪೆ. ಎರೆಗೆಂದು ಮಾರುವ ಹೆರಿಂಗನ್ನು ಹಿಡಿದ ಕೂಡಲೇ ಹೆಪ್ಪುಗಟ್ಟಿಸುವುದಿಲ್ಲ. ಕೆಲವು ದಿನ ಬಲೆಯ ಕೊಟ್ಟಿಗೆಯಲ್ಲಿ ಮೇವು ಕೊಡದೆ ಜೀವಂತ ಇಡುತ್ತಾರೆ. ಅಷ್ಟರಲ್ಲಿ ಹೊಟ್ಟೆ ಖಾಲಿಯಾಗುತ್ತದೆ, ಹುರುಪೆ ಗಟ್ಟಿಯಾಗುತ್ತದೆ. ಹೊಟ್ಟೆಯಲ್ಲಿ ಮೇವು ಇದ್ದಾಗ ಹಿಡಿದರೆ ಜೀರ್ಣರಸ ಒಳಗಿನಿಂದಲೇ ಹೊಟ್ಟೆಯನ್ನು ಕೊರೆಯುತ್ತದೆ, ಮೀನು ಅಡಿಯಿಂದ ಒಡೆದುಹೋಗುತ್ತದೆ. ಆಮೇಲೆ ಒಂದೊಂದಾಗಿ ತಟ್ಟೆಯಲ್ಲಿ ಜೋಡಿಸಿ, ಗಾಳಿ ತೆಗೆದು ಪ್ಯಾಕ್ ಮಾಡುತ್ತಾರೆ. ಸಣ್ಣದಕ್ಕೆ ಕೆಂಪು ಚೀಟಿ, ನಡುವಿನದಕ್ಕೆ ಹಸಿರು, ದೊಡ್ಡದಕ್ಕೆ ನೀಲಿ. ಇಷ್ಟೆಲ್ಲ ಜೋಪಾನ ಮಾಡಿ ನಮ್ಮ ಕೈಗೆ ಕೊಟ್ಟ ಮೀನನ್ನು ನಾವು ದೋಣಿಯ ಹಲಗೆ ಮೇಲೆ ಬಿಸಿಲಿಗೆ ಇಟ್ಟು ಕರಗಿಸುವುದು ಎಷ್ಟು ಸರಿ?

ಸುಮ್ನೆ ಕರಗಿಸಿದರೆ ಏನಾಗುತ್ತದೆ ಎಂದು ಹೇಳುತ್ತೇನೆ. ಹೆಪ್ಪುಗಟ್ಟುವಾಗ ಮಾಂಸದೊಳಗಿನ ನೀರು ಹರಳಾಗುತ್ತದೆ. ಆ ಹರಳುಗಳು ಜೀವಕೋಶಗಳನ್ನು ಹರಿಯುತ್ತವೆ. ಕರಗಿದಾಗ ಆ ನೀರು ಸೋರಿ ಮಾಂಸ ಸಡಿಲವಾಗುತ್ತದೆ. ಮೊದಲು ಕೈಕೊಡುವುದು ಹೊಟ್ಟೆಯ ಭಾಗ. ಬೆರಳಿಟ್ಟರೆ ಗುಳಿ ಬೀಳುತ್ತದೆ, ಎತ್ತಿದರೆ ಅಂಗೈ ತುಂಬಾ ಹುರುಪೆ. ಅಂಥ ಮೀನನ್ನು ಕೊಕ್ಕೆಗೆ ಚುಚ್ಚಿ, ಗಂಟೆಗೆ ಎರಡು ಮೈಲಿ ವೇಗದಲ್ಲಿ ನೀರಿನಲ್ಲಿ ಎಳೆದರೆ ಕೊಕ್ಕೆಯ ತೂತು ದೊಡ್ಡದಾಗುತ್ತಾ ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಎರೆ ಜೋತುಬೀಳುತ್ತದೆ. ಸಾಲ್ಮನ್ ಬಂದು ಒಮ್ಮೆ ಮೂತಿಯಿಂದ ತಿವಿದರೆ ಸಾಕು, ಖಾಲಿ ಕೊಕ್ಕೆ. ಮೇಲಿರುವ ನಮಗೆ ಗೊತ್ತೂ ಆಗುವುದಿಲ್ಲ. ಖಾಲಿ ಕೊಕ್ಕೆಯನ್ನೇ ಅರ್ಧ ಬೆಳಗು ಎಳೆಯುತ್ತಾ ಇರುತ್ತೇವೆ.

ಉಪ್ಪುನೀರು ಇದನ್ನು ತಡೆಯುತ್ತದೆ. ಉಪ್ಪು ಮಾಂಸದೊಳಗೆ ಹೋಗುತ್ತದೆ, ಮಾಂಸದ ನೀರು ಹೊರಗೆ ಬರುತ್ತದೆ, ಮಾಂಸ ಬಿಗಿಯಾಗುತ್ತದೆ. ಚರ್ಮ ಗಡುಸಾಗಿ ಹುರುಪೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಕೆಡಿಸುವ ಸೂಕ್ಷ್ಮಜೀವಿಗಳ ಕೆಲಸವೂ ನಿಧಾನವಾಗುತ್ತದೆ. ಉಪ್ಪು ಬರೀ ಕೆಡದಂತೆ ಇಡುವುದಕ್ಕೆ ಅಂತ ಜಾಸ್ತಿ ಜನ ತಿಳಿದಿದ್ದಾರೆ. ಗಾಳ ಹಾಕುವವರಿಗೆ ಅದಕ್ಕಿಂತ ಮುಖ್ಯವಾದದ್ದು ಆ ಬಿಗಿ.

ನನ್ನ ಅಳತೆ ಇದು. ನಾಲ್ಕು ಲೀಟರ್ ನೀರಿಗೆ ಮುಕ್ಕಾಲು ಕಿಲೋ ಕಲ್ಲುಪ್ಪು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಇದು ಅದಕ್ಕಿಂತ ಐದು ಪಟ್ಟಿಗೂ ಜಾಸ್ತಿ. ಹಾಗಂತ ನೀರು ಹಿಡಿಯುವಷ್ಟೂ ಉಪ್ಪು ಸುರಿಯಬೇಡಿ. ಲೀಟರಿಗೆ 360 ಗ್ರಾಂವರೆಗೂ ಉಪ್ಪು ಕರಗುತ್ತದೆ, ನಿಜ. ಆದರೆ ಅಷ್ಟು ಗಾಢ ನೀರಿನಲ್ಲಿ ಮೀನು ಬೇಗ ಒಣಗಿ ಕಡ್ಡಿಯಾಗುತ್ತದೆ. ಅಯೋಡಿನ್ ಸೇರಿಸಿದ ಪುಡಿ ಉಪ್ಪು ಇಲ್ಲಿನ ಹಳಬರು ಯಾರೂ ಹಾಕುವುದಿಲ್ಲ, ನಾನೂ ಹಾಕುವುದಿಲ್ಲ. ಏನೂ ಬೆರೆಸದ ದಪ್ಪ ಉಪ್ಪೇ ಒಳ್ಳೆಯದು. ಉಪ್ಪು ಪೂರ್ತಿ ಕರಗಿದ ಮೇಲೆಯೇ ಮೀನು ಹಾಕಬೇಕು. ತಳದಲ್ಲಿ ಹರಳು ಉಳಿದಿದ್ದರೆ ಅದಕ್ಕೆ ತಾಗಿದ ಮೀನಿನ ಮೈಯಲ್ಲಿ ಒಂದು ಕಡೆ ಸುಕ್ಕು ಬೀಳುತ್ತದೆ.

ಈಗ ನೀರಿನ ವಿಷಯ. ಇದು ನನ್ನ ಕೆಲಸಕ್ಕೆ ಸೇರಿದ್ದು, ಸ್ವಲ್ಪ ಉದ್ದ ಹೇಳಿದರೆ ಬೇಸರ ಮಾಡಿಕೊಳ್ಳಬೇಡಿ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಕುಡಿಯುವವರ ಆರೋಗ್ಯಕ್ಕೆ ಅದು ಬೇಕೇ ಬೇಕು. ಆದರೆ ಸಾಲ್ಮನ್ ಮೂಗಿನಿಂದ ಬದುಕುವ ಮೀನು. ತಾನು ಹುಟ್ಟಿದ ತೊರೆಯನ್ನು ವರ್ಷಗಳ ನಂತರ ವಾಸನೆಯಿಂದ ಪತ್ತೆ ಹಚ್ಚಿ ವಾಪಸ್ ಬರುತ್ತದೆ. ಅಂಥ ಮೂಗಿನ ಮುಂದೆ ಕ್ಲೋರಿನ್ ವಾಸನೆಯ ಎರೆ ಯಾಕೆ ಇಡಬೇಕು? ಹಿಂದಿನ ದಿನವೇ ಬಕೆಟ್‌ನಲ್ಲಿ ನೀರು ಹಿಡಿದು ಬಾಯಿ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಮಾಮೂಲಿ ಕ್ಲೋರಿನ್ ಆದರೆ ಅದು ಸರಿ. ಆದರೆ ಕೆಲವು ಊರುಗಳಲ್ಲಿ ಕ್ಲೋರಮಿನ್ ಹಾಕುತ್ತಾರೆ. ಕ್ಲೋರಿನ್ ಜೊತೆ ಅಮೋನಿಯಾ ಸೇರಿಸಿ ಮಾಡುವಂಥದ್ದು. ಅದು ಬೇಗ ಹಾರುವುದಿಲ್ಲ, ಒಂದು ರಾತ್ರಿ ಇಟ್ಟರೂ ಹಾಗೇ ಇರುತ್ತದೆ. ನಿಮ್ಮ ನಲ್ಲಿಗೆ ಯಾವುದು ಬರುತ್ತದೆ ಎಂದು ನೀರು ಸರಬರಾಜಿನವರನ್ನು ಕೇಳಿದರೆ ಹೇಳುತ್ತಾರೆ. ಕ್ಲೋರಮಿನ್ ಆಗಿದ್ದರೆ ಅಕ್ವೇರಿಯಂ ಇಡುವವರು ಬಳಸುವ ಕ್ಲೋರಿನ್ ತೆಗೆಯುವ ಹನಿ ಹಾಕಬಹುದು. ಅದೂ ಬೇಡ ಎಂದರೆ ಡಿಸ್ಟಿಲ್ಡ್ ನೀರು ತನ್ನಿ. ನಾನು ದಂಡೆಯಿಂದ ದೂರ, ಶುದ್ಧವಾದ ಕಡೆ ಸಮುದ್ರದ ನೀರನ್ನೇ ಕ್ಯಾನಿಗೆ ತುಂಬಿ ತರುತ್ತೇನೆ. ಅದರಲ್ಲಿ ಆಗಲೇ ಉಪ್ಪು ಇರುವುದರಿಂದ ಮೇಲೆ ಹಾಕುವುದು ಸ್ವಲ್ಪ ಕಡಿಮೆ.

ಮುಂದಿನದು ನೀಲಿ. ಬಿಳಿ ಬಟ್ಟೆಗೆ ಹಾಕುವ ನೀಲಿಯೇ. ಇಲ್ಲಿ 1883ರಿಂದ ಮಾರಾಟದಲ್ಲಿರುವ ಮಿಸೆಸ್ ಸ್ಟೀವರ್ಟ್ಸ್ ಬ್ಲೂಯಿಂಗ್ ಎಂಬ ಬಾಟಲಿ ಗಾಳದ ಪೆಟ್ಟಿಗೆಗಳಲ್ಲೂ ಇರುತ್ತದೆ. ಅದರಲ್ಲಿರುವುದು ಪ್ರಷ್ಯನ್ ಬ್ಲೂ ಎಂಬ ಬಣ್ಣದ ಸಣ್ಣ ಸಣ್ಣ ಕಣಗಳು. ಉಪ್ಪುನೀರಿಗೆ ಒಂದೆರಡು ಚಮಚ ಹಾಕಿದರೆ ನೀರು ಶಾಯಿಯ ಹಾಗೆ ಕಾಣುತ್ತದೆ. ಮೊದಲ ಸಲ ನೋಡಿದವರು ಹೆದರುತ್ತಾರೆ. ಆದರೆ ಬೆಳಿಗ್ಗೆ ಮೀನು ಹೊರಗೆ ತೆಗೆದಾಗ ಮೈ ನೀಲಿಯಾಗಿರುವುದಿಲ್ಲ. ಹಳದಿ ಛಾಯೆ ಹೋಗಿ ಬೆಳ್ಳಿ ಇನ್ನೂ ಬೆಳ್ಳಗೆ ಕಾಣುತ್ತದೆ. ಬಟ್ಟೆಗೆ ಆಗುವುದೂ ಇದೇ ಅಲ್ವಾ. ಮೋಡದ ದಿನ, ಆಳದ ಮಂಕು ಬೆಳಕಿನಲ್ಲಿ ಆ ಹೊಳಪು ಬಹಳ ಕೆಲಸಕ್ಕೆ ಬರುತ್ತದೆ.

ಇನ್ನು ಹಾಲಿನ ಪುಡಿ, ಸೋಂಪಿನ ಎಣ್ಣೆ, ಬೆಳ್ಳುಳ್ಳಿ, ಬೋರಾಕ್ಸ್. ಒಬ್ಬೊಬ್ಬರದು ಒಂದೊಂದು. ಹಾಕುವವರ ಜೊತೆ ನನಗೆ ಜಗಳವಿಲ್ಲ. ಆದರೆ ಒಳ್ಳೆಯ ಹೆರಿಂಗಿಗೆ ಅದರದೇ ವಾಸನೆ ಇದೆ. ಸಾಲ್ಮನ್ ಸಮುದ್ರದಲ್ಲಿ ತಿಂದು ಬೆಳೆಯುವುದೇ ಅದನ್ನು. ಅದರ ಮೇಲೆ ಸೋಂಪು ಸುರಿಯುವುದು ನನಗೆ ಒಪ್ಪಿಗೆಯಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ತಂಪು. ಮೀನನ್ನು ಮೊದಲು ಕರಗಿಸಿ ಆಮೇಲೆ ಉಪ್ಪುನೀರಿಗೆ ಹಾಕುವುದಲ್ಲ. ಗಟ್ಟಿ ಇರುವಾಗಲೇ, ತಣ್ಣಗಿನ ಉಪ್ಪುನೀರಿಗೆ ಇಳಿಸಬೇಕು. ಅಲ್ಲೇ ನಿಧಾನವಾಗಿ ಕರಗಲಿ. ಕರಗುತ್ತಾ ಹೋದ ಹಾಗೆ ಹೊರಗಿನ ಪದರ ಮೊದಲು ಉಪ್ಪು ಹಿಡಿದು ಬಿಗಿಯಾಗುತ್ತದೆ, ಮೆತ್ತಗಾಗಲು ಸಮಯವೇ ಸಿಗುವುದಿಲ್ಲ. ಈ ಅಳತೆಯ ಉಪ್ಪುನೀರು ಸೊನ್ನೆ ಡಿಗ್ರಿಗಿಂತ ಕೆಳಗೆ ಹೋದರೂ ಹೆಪ್ಪುಗಟ್ಟುವುದಿಲ್ಲ. ಆದ್ದರಿಂದ ಕೂಲರ್‌ನಲ್ಲಿಟ್ಟು ಎಷ್ಟು ಬೇಕಾದರೂ ತಣ್ಣಗೆ ಇಡಬಹುದು. ಐಸ್ ತುಂಡುಗಳನ್ನು ನೇರವಾಗಿ ಹಾಕಬೇಡಿ, ಕರಗಿ ಉಪ್ಪನ್ನು ತೆಳು ಮಾಡುತ್ತವೆ. ಬಾಟಲಿಯಲ್ಲಿ ನೀರು ತುಂಬಿ ಹೆಪ್ಪುಗಟ್ಟಿಸಿ, ಮುಚ್ಚಳ ಬಿಗಿ ಮಾಡಿ ಆ ಬಾಟಲಿಯನ್ನೇ ಮುಳುಗಿಸಿ.

ಹಸಿರು ಚೀಟಿಯ ಅಳತೆಗೆ ಒಂದು ರಾತ್ರಿ ಸಾಕು. ಆಯಿತೋ ಇಲ್ಲವೋ ಎಂದು ಗಡಿಯಾರ ನೋಡಿ ಹೇಳಲಾಗದು, ಹೆಬ್ಬೆರಳಿನಿಂದ ನೋಡಬೇಕು. ಬೆನ್ನಿನ ಮೇಲೆ ಒತ್ತಿದರೆ ಗುಳಿ ಉಳಿಯಬಾರದು. ಬಾಲ ಹಿಡಿದು ಅಡ್ಡ ಎತ್ತಿದರೆ ಮೈ ಸ್ವಲ್ಪ ಬಾಗಬೇಕು, ಜೋತುಬೀಳಬಾರದು. ಅಂಗೈಯಲ್ಲಿ ಒಂದೆರಡು ಹುರುಪೆಗಿಂತ ಜಾಸ್ತಿ ಅಂಟಬಾರದು. ಕಣ್ಣು ಒಳಗೆ ಕುಸಿದು, ಪಕ್ಕೆಯಲ್ಲಿ ಗೆರೆ ಗೆರೆ ಸುಕ್ಕು ಬಂದು, ಬಾಲ ರಟ್ಟಿನ ತುಂಡಾಗಿದ್ದರೆ ಉಪ್ಪು ಮಿತಿ ಮೀರಿದೆ ಎಂದರ್ಥ. ಅದು ಕೊಕ್ಕೆಯಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ, ಆದರೆ ನೀರಿನಲ್ಲಿ ಬಾಗುವುದಿಲ್ಲ. ಬಾಗದ ಎರೆ ತಿರುಗುವುದಿಲ್ಲ.

ತಿರುಗುವುದೇ ಇಲ್ಲಿ ಎಲ್ಲ. ಇಲ್ಲಿನವರು ಪ್ಲಗ್ ಕಟ್ ಎನ್ನುವ ಕ್ರಮದಲ್ಲಿ ಕಿವಿರಿನ ಹಿಂದೆ ತಲೆಯನ್ನು ಓರೆಯಾಗಿ ಕತ್ತರಿಸುತ್ತಾರೆ. ಓರೆ ಒಂದಲ್ಲ, ಎರಡು. ಬೆನ್ನಿನಿಂದ ಹೊಟ್ಟೆಯ ಕಡೆಗೆ ಒಂದು, ಒಂದು ಪಕ್ಕೆಯಿಂದ ಇನ್ನೊಂದು ಪಕ್ಕೆಗೆ ಇನ್ನೊಂದು. ಕರುಳನ್ನು ಹೊಟ್ಟೆ ಸೀಳದೆ ಕತ್ತರಿಸಿದ ಬಾಯಿಂದಲೇ ಎಳೆದು ತೆಗೆಯಬೇಕು. ಆ ಓರೆಗೆ ನೀರು ಬಡಿದಾಗ ಮೀನು ಗಾಯಗೊಂಡು ಹೊರಳುತ್ತಿರುವಂತೆ ಸುರುಳಿ ಸುತ್ತುತ್ತದೆ. ಚಿನೂಕ್‌ಗೆ ನಿಧಾನದ ದೊಡ್ಡ ಸುರುಳಿ ಹಿಡಿಸುತ್ತದೆ, ಕೋಹೋ ಸಾಲ್ಮನ್‌ಗೆ ಬಿರುಸಾದ ಚಿಕ್ಕ ಸುರುಳಿ. ಆಳಕ್ಕೆ ಬಿಡುವ ಮೊದಲು ದೋಣಿಯ ಪಕ್ಕದಲ್ಲೇ ಎಳೆದು ಹೇಗೆ ತಿರುಗುತ್ತದೆ ಎಂದು ನೋಡಿಕೊಳ್ಳುವುದು ಅರ್ಧ ನಿಮಿಷದ ಕೆಲಸ. ಮೆತ್ತಗಿನ ಮೀನಿನಲ್ಲಿ ಈ ಕತ್ತರಿಕೆ ಸಾಧ್ಯವೇ ಇಲ್ಲ. ಕತ್ತಿ ತಾಗಿದ ಕಡೆ ಮಾಂಸ ಜಜ್ಜಿಹೋಗುತ್ತದೆ, ಅಂಚು ನಿಲ್ಲುವುದಿಲ್ಲ. ಉಪ್ಪುನೀರಿನಿಂದ ತೆಗೆದದ್ದು ಗಾಜಿನ ಹಾಗೆ ನಯವಾಗಿ ತುಂಡಾಗುತ್ತದೆ, ಕತ್ತಿ ಚೂಪಾಗಿದ್ದರೆ.

ಇಷ್ಟನ್ನು ಹೇಳುವುದಕ್ಕೆ ಸಾಲ್ಮನ್ ಸಿಗಲಿ ಎಂಬ ಆಸೆಯೊಂದೇ ಕಾರಣವಲ್ಲ. ಹೆರಿಂಗ್ ಅಗ್ಗದ ಮೀನು ಎಂಬ ಮಾತು ನನಗೆ ನಿಜಕ್ಕೂ ನೋವು ಕೊಟ್ಟಿತು. ಚಳಿಗಾಲದ ಕೊನೆಯಲ್ಲಿ ಅವು ದಂಡೆಗೆ ಬಂದು ನೀರೊಳಗಿನ ಈಲ್‌ಗ್ರಾಸ್ ಎಂಬ ಹುಲ್ಲಿಗೂ ಸಮುದ್ರದ ಪಾಚಿಗೂ ಅಂಟಂಟು ಮೊಟ್ಟೆ ಇಡುತ್ತವೆ. ಗಂಡು ಮೀನಿನ ವೀರ್ಯದಿಂದ ದಂಡೆಯ ನೀರು ಹಾಲು ಬೆರೆಸಿದಂತೆ ತಿಳಿ ಹಸಿರಾಗುತ್ತದೆ. ಆಗ ಕಡಲ ಹಕ್ಕಿ, ಸೀಲ್, ದೊಡ್ಡ ಮೀನು ಎಲ್ಲವೂ ಅಲ್ಲಿ ಸೇರುತ್ತವೆ. ಈ ಕಡಲಿನಲ್ಲಿ ದೊಡ್ಡ ಜೀವಗಳ ಊಟದ ಬುಡದಲ್ಲಿರುವುದು ಈ ಗೇಣುದ್ದದ ಮೀನು. ಹೆರಿಂಗನ್ನು ಚಿನೂಕ್ ತಿನ್ನುತ್ತದೆ, ಚಿನೂಕನ್ನು ಇಲ್ಲಿನ ಓರ್ಕಾ ಎಂಬ ಕಪ್ಪು ಬಿಳುಪು ತಿಮಿಂಗಿಲಗಳು ತಿನ್ನುತ್ತವೆ. ಪ್ಯೂಜೆಟ್ ಸೌಂಡ್‌ನ ಚಿನೂಕ್ 1999ರಲ್ಲಿ ಅಪಾಯದಂಚಿನ ಪಟ್ಟಿಗೆ ಸೇರಿತು. ಸದರ್ನ್ ರೆಸಿಡೆಂಟ್ ಎಂದು ಕರೆಯುವ ಇಲ್ಲಿನ ಓರ್ಕಾ ಗುಂಪುಗಳು 2005ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿದವು. ಈಗ ಆ ಓರ್ಕಾಗಳು ಉಳಿದಿರುವುದು ಎಪ್ಪತ್ತರ ಆಸುಪಾಸು.

ಹೆರಿಂಗಿನ ಸ್ಥಿತಿಯೂ ಚೆನ್ನಾಗಿಲ್ಲ. ಕೆನಡಾ ಗಡಿಯ ಹತ್ತಿರದ ಚೆರಿ ಪಾಯಿಂಟ್‌ನಲ್ಲಿ ಮೊಟ್ಟೆ ಇಡುವ ಗುಂಪು ಒಂದು ಕಾಲಕ್ಕೆ ರಾಜ್ಯದಲ್ಲೇ ದೊಡ್ಡದು. 1973ರಲ್ಲಿ ಸುಮಾರು 15 ಸಾವಿರ ಟನ್ ಇದ್ದದ್ದು ಆಮೇಲೆ ಶೇ. 90ಕ್ಕಿಂತ ಜಾಸ್ತಿ ಕುಸಿದಿದೆ. ನಮ್ಮ ಎದುರಿಗೇ ಇರುವ ವ್ಯಾಷನ್ ದ್ವೀಪದ ಕ್ವಾರ್ಟರ್‌ಮಾಸ್ಟರ್ ಹಾರ್ಬರ್‌ನಲ್ಲೂ ಹಿಂದಿನ ಸಂಭ್ರಮ ಇಲ್ಲ. ಎರೆಗೆ ಹಿಡಿಯುವುದರಿಂದಲೇ ಹೀಗಾಯಿತು ಎಂದು ನಾನು ಹೇಳುತ್ತಿಲ್ಲ. ಆದರೆ ಪ್ಯೂಜೆಟ್ ಸೌಂಡ್‌ನಲ್ಲಿ ಎರೆಗೆ ಹಿಡಿಯುವ ಹೆರಿಂಗಿನಲ್ಲಿ ಹೆಚ್ಚಿನವು ಎಳೆ ಮೀನುಗಳು, ಇನ್ನೂ ಒಮ್ಮೆಯೂ ಮೊಟ್ಟೆ ಇಡದವು. ಇದು ಗೊತ್ತಿದ್ದೂ ಅದನ್ನು ಬಿಸಿಲಿಗೆ ಬಿಡಲು ನನಗೆ ಮನಸ್ಸು ಬರುವುದಿಲ್ಲ.

ದೋಣಿ ಕಟ್ಟೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಕಸದ ಡಬ್ಬಿ ನೋಡಿದ್ದೇನೆ. ಒಡೆದ ಪೊಟ್ಟಣ, ಅರ್ಧ ತಟ್ಟೆ ಹೆರಿಂಗ್ ಮೆತ್ತಗೆ ಬೂದು ಬಣ್ಣಕ್ಕೆ ತಿರುಗಿ, ಮೇಲೆ ನೊಣ. ಒಂದು ಬೆಳಿಗ್ಗೆಗೆ ಎರಡು ಮೂರು ಪೊಟ್ಟಣ ಒಡೆಯುವವರಿದ್ದಾರೆ. ಅವರು ಕೆಟ್ಟವರಲ್ಲ. ಮೆತ್ತಗಿನ ಎರೆ ಮತ್ತೆ ಮತ್ತೆ ಹರಿದುಹೋಗುವುದರಿಂದ ಮತ್ತೆ ಮತ್ತೆ ಹೊಸದು ಹಾಕುತ್ತಾರೆ. ಯಾರೂ ಅವರಿಗೆ ಬೇರೆ ದಾರಿ ಹೇಳಿಕೊಟ್ಟಿಲ್ಲ. ಉಪ್ಪು ಹಿಡಿದ ಹೆರಿಂಗ್ ಒಂದೊಂದೂ ಬಹಳ ಹೊತ್ತು ನಿಲ್ಲುತ್ತದೆ. ಉಳಿದದ್ದನ್ನು ಅದೇ ತಣ್ಣನೆಯ ಉಪ್ಪುನೀರಿನಲ್ಲಿ ಫ್ರಿಜ್‌ನಲ್ಲಿಟ್ಟು ಮರುದಿನವೂ ಬಳಸಬಹುದು. ಅದಕ್ಕಿಂತ ಜಾಸ್ತಿ ದಿನ ಇಡಬೇಕಾದರೆ ನೀರು ಬಸಿದು ಒಣ ಉಪ್ಪಿನ ಪದರಗಳ ನಡುವೆ ಜೋಡಿಸಿ ಫ್ರೀಜರ್‌ಗೆ ಹಾಕುತ್ತೇನೆ. ಅದು ಬಾಗುವುದಿಲ್ಲ, ಸಾಲ್ಮನ್‌ಗೆ ಆಗದು, ಆದರೆ ತಳದ ಮೀನುಗಳಿಗೆ ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಹಾಕಲು ಚೆನ್ನ. ತೀರಾ ಸವೆದದ್ದು, ಕತ್ತರಿಸಿದ ತಲೆಗಳು ಡಂಜನೆಸ್ ಏಡಿಯ ಬೋನಿಗೆ ಹೋಗುತ್ತವೆ. ನಮ್ಮ ದೋಣಿಯಿಂದ ಕಸದ ಡಬ್ಬಿಗೆ ಹೆರಿಂಗ್ ಹೋಗುವುದಿಲ್ಲ.

ಎರಡು ಎಚ್ಚರಿಕೆ ಸೇರಿಸಬೇಕು. ಸಮುದ್ರದ ಹೆರಿಂಗನ್ನು ಕೆರೆ, ಸರೋವರಗಳಿಗೆ ಒಯ್ಯಬೇಡಿ. ಪೆಸಿಫಿಕ್ ಹೆರಿಂಗಿನಲ್ಲಿ ವಿಎಚ್‌ಎಸ್ ಎಂಬ ಮೀನಿನ ವೈರಸ್ ಇರುತ್ತದೆ. ಮನುಷ್ಯರಿಗೆ ಏನೂ ಆಗುವುದಿಲ್ಲ, ಆದರೆ ಬೇರೆ ಮೀನುಗಳಿಗೆ ಹರಡಬಹುದು. ಹೆಪ್ಪುಗಟ್ಟಿಸಿದ ಮಾತ್ರಕ್ಕೆ ಅದು ಪೂರ್ತಿ ಸಾಯುತ್ತದೆ ಎಂದು ನಂಬುವಂತಿಲ್ಲ. ಇನ್ನೊಂದು, ಬಳಸಿದ ಉಪ್ಪುನೀರನ್ನು ಹುಲ್ಲಿಗೆ, ಗಿಡದ ಬುಡಕ್ಕೆ ಚೆಲ್ಲಬೇಡಿ, ಸುಟ್ಟುಹೋಗುತ್ತವೆ. ರಸ್ತೆ ಬದಿಯ ಮಳೆನೀರಿನ ಚರಂಡಿಗೂ ಬೇಡ, ಅದು ನೇರವಾಗಿ ತೊರೆಗೆ ಸೇರುತ್ತದೆ. ಮನೆಯ ಸಿಂಕಿನಲ್ಲಿ ಜಾಸ್ತಿ ನೀರು ಬಿಟ್ಟು ಹರಿಸಿ.

ಸಂಪಾದಕರೇ, ನಿಮ್ಮ ಜಾಲತಾಣದಲ್ಲಿ ಆ ಲೇಖನ ಇನ್ನೂ ಇದೆ. ಪೊಟ್ಟಣ ಒಡೆದು ಸಿಕ್ಕಿಸಿದರೆ ಆಯಿತು ಎಂಬ ಸಾಲನ್ನು ದಯವಿಟ್ಟು ತಿದ್ದಿಸಿ. ಜಾಗ ಇದ್ದರೆ ನಾಲ್ಕು ಲೀಟರ್ ನೀರು, ಮುಕ್ಕಾಲು ಕಿಲೋ ಕಲ್ಲುಪ್ಪು, ಒಂದು ರಾತ್ರಿಯ ತಂಪು ಎಂದು ಅಲ್ಲೇ ಸೇರಿಸಿ. ಹಾಗೆಯೇ ಲೇಖನದ ಜೊತೆಗಿನ ಚಿತ್ರದಲ್ಲಿರುವ ಕೊಕ್ಕೆಗೆ ಹಿಮ್ಮುಳ್ಳು ಇದೆ. ಪ್ಯೂಜೆಟ್ ಸೌಂಡ್‌ನಲ್ಲಿ ಸಾಲ್ಮನ್‌ಗೆ ಹಿಮ್ಮುಳ್ಳಿಲ್ಲದ ಕೊಕ್ಕೆಯೇ ಹಾಕಬೇಕು, ಬಿಡಬೇಕಾದ ಮೀನನ್ನು ಗಾಯವಿಲ್ಲದೆ ಬಿಡಲು ಮಾಡಿದ ನಿಯಮ ಅದು. ಇಲ್ಲಿಗೆ ಬರುವ ಓದುಗರು ಆ ಚಿತ್ರ ನೋಡಿ ಅಂಥದ್ದೇ ಕೊಕ್ಕೆ ಕೊಂಡರೆ ದಂಡ ಕಟ್ಟಬೇಕಾಗಬಹುದು. ಚಿತ್ರವನ್ನೂ ಬದಲಾಯಿಸಿದರೆ ಒಳ್ಳೆಯದು.

ಇಂತಿ,
ನಿಮ್ಮ ಓದುಗಾರ್ತಿ
ಟಕೋಮಾ, ವಾಷಿಂಗ್ಟನ್ ರಾಜ್ಯ